ತಿಕ್ಕಿ ತೊಳೆದ ನಾಣ್ಯ

ಜೂನ್ ೩

ಕನ್ನಡಕದ ಅಂಗಡಿಯ ಅಡ್ಮಿನ್ ಮಹಾಶಯನಿಗೆ,

ಮೊದಲು ನೆಟ್ಟಗೆ ಕೂತುಕೋ. ಕುರ್ಚಿಗೆ ಒರಗಿ, ಕಾಲು ಚಾಚಿ, ಒಂದು ಕಣ್ಣು ಫೋನಿನ ಮೇಲೆ, ಇನ್ನೊಂದು ಕಣ್ಣು ಗಿರಾಕಿಯ ಮೇಲೆ ಇಟ್ಟುಕೊಂಡು ಓದೋ ಕಾಗದ ಅಲ್ಲ ಇದು. ಊರಿಗೆಲ್ಲ ಕನ್ನಡಕ ಹಾಕುವವನಿಗೆ ತನ್ನ ಮೂಗಿನ ಕೆಳಗೆ ನಡೆಯೋದು ಕಾಣಿಸಲ್ಲ ಅಂದರೆ ನಾಚಿಕೆಯಾಗಬೇಕು.

ನನ್ನ ಬಾಯಿಗೆ ಒಂದು ತಿಂಗಳು ಬೀಗ ಜಡಿದಿದ್ದೀಯ. ನಾಣ್ಯದ ಗ್ರೂಪಿನಲ್ಲಿ ಎಲ್ಲರ ಮಾತೂ ನಾನು ಓದಬಹುದಂತೆ, ಒಂದಕ್ಷರ ಬರೆಯೋ ಹಾಗಿಲ್ಲವಂತೆ. ಕಾರಣ, ‘ಹಿರಿಯ ಸದಸ್ಯರ ಜೊತೆ ಒರಟು ಮಾತು’. ಸರಿಯಪ್ಪ. ಗ್ರೂಪಿನ ಬೀಗದ ಕೈ ನಿನ್ನ ಸೊಂಟದಲ್ಲಿರಬಹುದು, ಅಂಚೆ ಡಬ್ಬಿಯದು ಇಲ್ಲವಲ್ಲ. ವಿಳಾಸ ಎಲ್ಲಿ ಸಿಕ್ಕಿತು ಅಂತ ಹುಬ್ಬೇರಿಸಬೇಡ. ಹೋದ ವರ್ಷ ಅದಲುಬದಲಿಗೆ ನೀನು ನನಗೆ ಹಡಗಿನ ಚಿತ್ರದ ನಾಣ್ಯ ಕಳಿಸಿದ್ದೆ. ಆ ಲಕೋಟೆಯ ಮೇಲೆ ನಿನ್ನ ಅಂಗಡಿಯ ಮೊಹರು ಇತ್ತು. ನಾನು ಲಕೋಟೆ ಎಸೆಯುವವಳಲ್ಲ.

ಏನಾಯಿತು ಅನ್ನೋದನ್ನ ನನ್ನ ಬಾಯಲ್ಲೂ ಕೇಳು. ‘ಕಿಟಕಿ’ ಅಂತ ಹೆಸರಿಟ್ಟುಕೊಂಡ ಹೊಸಬಳೊಬ್ಬಳು ಮೊನ್ನೆ ಗ್ರೂಪಿಗೆ ಬಂದಳು. ನಡುವೆ ತೂತಿರುವ ತಾಮ್ರದ ನಾಣ್ಯದ ಫೋಟೋ ಹಾಕಿದಳು. ಥಳಥಳ ಹೊಳೀತಿತ್ತು. ಕೆಳಗೆ ಬರೆದಿದ್ದಳು: ‘ನಿಮಗೆಲ್ಲ ತೋರಿಸಬೇಕು ಅಂತ ಬೂದಿ, ನಿಂಬೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿದ್ದೇನೆ.’ ಅಷ್ಟೇ ಅವಳ ಅಪರಾಧ. ಮಗುವನ್ನ ಫೋಟೋಗೆ ನಿಲ್ಲಿಸೋ ಮುಂಚೆ ಮುಖ ತೊಳೆಸಲ್ವಾ? ಹಾಗೆ ತೊಳೆದಿದ್ದಳು.

ಸಂಜೆಯೊಳಗೆ ನಿನ್ನ ಪಂಡಿತರೆಲ್ಲ ಎದ್ದು ಕೂತರು. ಆ ಹಲ್ಲಿನ ಡಾಕ್ಟರ್ ಬರೆದ: ‘ನಾಣ್ಯದ ಚರ್ಮ ಸುಲಿದು ಕೈಗಿಟ್ಟಿದ್ದೀರಿ, ಅಭಿನಂದನೆಗಳು.’ ಇನ್ನೊಬ್ಬ ಬರೆದ: ‘ಪಾತ್ರೆ ತೊಳೆಯುವವರ ಗ್ರೂಪು ಪಕ್ಕದ ಬೀದಿಯಲ್ಲಿದೆ ತಾಯಿ.’ ಅದರ ಕೆಳಗೆ ಸಾಲುಸಾಲಾಗಿ ಹಲ್ಲು ಕಿಸಿಯುವ ಹಳದಿ ಮುಖಗಳು. ನಾನು ಬರೆದೆ: ‘ನೀವೆಲ್ಲ ಭೂತಗನ್ನಡಿ ಕೈಲಿ ಹಿಡಿದುಕೊಂಡೇ ಹುಟ್ಟಿದಿರಾ? ಹೆತ್ತವಳಿಗೆ ಎಷ್ಟು ಚುಚ್ಚಿತೋ ಪಾಪ.’ ಬೀಗ ಬಿತ್ತು. ಬಿದ್ದದ್ದು ಯಾರಿಗೆ? ನನಗೆ!

ಮಾರನೆಯ ದಿನ ನೋಡಿದರೆ ಅವಳು ಫೋಟೋ ಅಳಿಸಿಬಿಟ್ಟಿದ್ದಾಳೆ. ಗ್ರೂಪಿನಲ್ಲಿ ಹೆಸರು ಮಾತ್ರ ಇದೆ, ಆಳಿಲ್ಲ.

ನನಗೆ ಬೇಕಾದ್ದು ಎರಡು. ನೀನು ಅವಳಿಗೆ ಬರೆದು ಅವಳನ್ನ ವಾಪಸ್ ಮಾತಿಗೆ ಕರೆಯಬೇಕು. ಹೊಸಬರು ಬಂದಾಗ ಯಾರೂ ಹೀಗೆ ಮೈಮೇಲೆ ಬೀಳದ ಹಾಗೆ ಏರ್ಪಾಡು ಮಾಡಬೇಕು. ಮಾಡಲ್ಲ ಅಂದರೆ ವಾರಕ್ಕೊಂದು ಕಾಗದ ಬರುತ್ತೆ. ಅಂಚೆಯವನಿಗೂ ನಿನಗೂ ಸ್ನೇಹವಾಗಲಿ.

ಗುಂಡಿ ಅಜ್ಜಿ


ಜೂನ್ ೧೨

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಗ್ರೂಪಿನ ವಿಷಯವನ್ನು ಅಂಚೆಯ ಮೂಲಕ ಚರ್ಚಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ನಿಮ್ಮ ವಯಸ್ಸಿಗೆ ಗೌರವ ಕೊಟ್ಟು ಉತ್ತರಿಸುತ್ತಿದ್ದೇನೆ.

ಹಳೆಯ ನಾಣ್ಯದ ಮೇಲೆ ವರ್ಷಗಟ್ಟಲೆ ಕೂತ ಕಪ್ಪನ್ನು ತಿಕ್ಕಿ ತೆಗೆದರೆ ಆ ನಾಣ್ಯ ಸಂಗ್ರಹಕಾರರ ಪಾಲಿಗೆ ಸತ್ತ ಹಾಗೆ. ಇದು ನಮ್ಮ ಮೊದಲ ಪಾಠ. ವಾರಕ್ಕೆ ನಾಲ್ಕೈದು ಜನ ಹೊಸಬರು ಬಂದು ಇದೇ ತಪ್ಪು ಮಾಡುತ್ತಾರೆ, ಇದೇ ಪ್ರಶ್ನೆ ಕೇಳುತ್ತಾರೆ. ಹಿರಿಯ ಸದಸ್ಯರಿಗೆ ಬೇಸರವಾಗುವುದು ಸಹಜ.

ಇದಕ್ಕೆ ಪರಿಹಾರವಾಗಿ ಜುಲೈ ಹದಿನೈದರಂದು ಗ್ರೂಪಿನಲ್ಲಿ ಮತ ಹಾಕಿಸುತ್ತಿದ್ದೇವೆ. ಒಪ್ಪಿಗೆಯಾದರೆ ಇನ್ನು ಮುಂದೆ ಹಳೆಯ ಸದಸ್ಯರಿಬ್ಬರ ಶಿಫಾರಸು ಇಲ್ಲದೆ ಯಾರಿಗೂ ಪ್ರವೇಶವಿಲ್ಲ. ಈಗಾಗಲೇ ಒಳಗಿದ್ದು ಒಂದು ನಾಣ್ಯವನ್ನೂ ತೋರಿಸದವರ ಹೆಸರು ತೆಗೆಯಲಾಗುತ್ತದೆ. ‘ಕಿಟಕಿ’ ತಮ್ಮ ಫೋಟೋ ತಾವೇ ಅಳಿಸಿರುವುದರಿಂದ ಅವರೂ ಅದರಲ್ಲಿ ಸೇರುತ್ತಾರೆ. ಈ ವಿಷಯದಲ್ಲಿ ನಾನು ಪ್ರತ್ಯೇಕವಾಗಿ ಏನೂ ಮಾಡಲಾರೆ.

ನಿಯಮಗಳ ಒಂದು ಪ್ರತಿಯನ್ನು ಲಗತ್ತಿಸಿದ್ದೇನೆ.

ಇಂತು,
ಅಡ್ಮಿನ್


ಜೂನ್ ೧೭

ಅಡ್ಮಿನಪ್ಪಾ,

‘ಇಂತು’ ಅಂತೆ! ಕೋರ್ಟಿನ ಸಮನ್ಸು ಬಂತೇನೋ ಅಂತ ಎದೆ ಹೊಡ್ಕೊಂಡಿತು. ನಾನು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಹೋದವಳು. ನಿನ್ನ ನಿಯಮದ ಹಾಳೆ ಓದೋಕೆ ಎರಡು ಮಧ್ಯಾಹ್ನ ಬೇಕಾಯಿತು. ಹಾಕಬಾರದು, ಕೇಳಬಾರದು, ಮುಟ್ಟಬಾರದು. ತುದಿಯಿಂದ ಬುಡದವರೆಗೆ ‘ಬನ್ನಿ’ ಅನ್ನೋ ಒಂದು ಮಾತಿಲ್ಲ. ಆಸ್ಪತ್ರೆಯ ಗೋಡೆ ಮೇಲಾದರೂ ‘ದಯವಿಟ್ಟು’ ಅಂತ ಬರೆದಿರ್ತಾರೆ.

ಹೊಸಬರು ಕೇಳಿದ್ದೇ ಕೇಳ್ತಾರಂತೆ, ನಿಮಗೆ ಬೇಸರವಂತೆ. ನಿನ್ನ ಅಂಗಡಿಗೆ ಬಂದವರೆಲ್ಲ ‘ಕಣ್ಣು ಮಂಜು’ ಅಂತ ತಾನೇ ಹೇಳೋದು? ದಿನಾ ಅದನ್ನೇ ಕೇಳಿ ಬೇಜಾರಾಯಿತು ಅಂತ ಬಾಗಿಲು ಹಾಕಿಕೊಂಡು ಹೋಗ್ತೀಯಾ?

ನಾನು ಈ ಗ್ರೂಪಿಗೆ ಬಂದದ್ದು ಮೊಣಕಾಲು ಮುರಿದುಕೊಂಡು ಮಂಚ ಹಿಡಿದಾಗ. ಮಗ ಕೈಗೊಂದು ಫೋನು ಕೊಟ್ಟು, ಬಾಯಿ ಸುಮ್ಮನಿರಲಿ ಅಂತ ಹಾರೈಸಿದ. ಬಾಯಿ ಸುಮ್ಮನಾಗಲಿಲ್ಲ, ಬೆರಳಿಗೂ ಚಟ ಹತ್ತಿತು. ನಮ್ಮೆಜಮಾನರು ಬಿಟ್ಟುಹೋದ ತಗಡಿನ ಡಬ್ಬಿಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇತ್ತು, ಸಿಂಹದ ಮುಖದ್ದು. ಭಾರಿ ನಾಣ್ಯ ಅಂತ ಫೋಟೋ ಹಾಕಿದೆ. ಅದು ಯಾರದೋ ಸಮವಸ್ತ್ರದ ಕೋಟಿನ ಗುಂಡಿ! ಹಿಂದಿನ ಕೊಂಡಿ ಯಾವ ಕಾಲದಲ್ಲೋ ಮುರಿದುಹೋಗಿತ್ತು. ಅವತ್ತು ನಕ್ಕ ನಗು ಇನ್ನೂ ನಿಂತಿಲ್ಲ. ‘ಗುಂಡಿ ಅಜ್ಜಿ’ ಅಂತ ಹೆಸರಿಟ್ಟರು. ಇಟ್ಟರೆ ಇಡಲಿ ಅಂತ ಅದನ್ನೇ ನನ್ನ ಹೆಸರಿನ ಜಾಗದಲ್ಲಿ ಹಾಕಿಕೊಂಡೆ. ಈಗ ಅವರಿಗೇ ಮುಜುಗರ.

ನನ್ನ ಚರ್ಮ ದಪ್ಪ, ನಾನು ನಿಂತೆ. ಎಲ್ಲರದೂ ದಪ್ಪ ಇರಬೇಕಾ? ಆ ‘ಕಿಟಕಿ’ ಇಡೀ ದಿನ ಪರದೆ ಅಂಗಡಿಯಲ್ಲಿ ಮಿಷನ್ ತುಳಿದು, ಮನೆಗೆ ಬಂದು, ಸೊಂಟ ಹಿಡಿದುಕೊಂಡು ಒಲೆ ಮುಂದೆ ನಿಲ್ಲೋ ಹೆಂಗಸು. ಎಲ್ಲರೂ ಉಂಡ ಮೇಲೆ ಸಿಗೋ ಒಂದು ಗಳಿಗೆಯಲ್ಲಿ ಡಬ್ಬಿ ತೆಗೆದು ಕೂರ್ತಿದ್ದಳು. ಈಗ ಆ ಡಬ್ಬಿ ಬೀರುವಿನ ತಲೆ ಮೇಲೆ ಹೋಗಿದೆ. ‘ಇವೆಲ್ಲ ನಮ್ಮಂಥವರಿಗಲ್ಲ’ ಅಂದಳು. ಆ ಮಾತು ಕೇಳಿದಾಗಿನಿಂದ ನನಗೆ ಮೈಯೆಲ್ಲ ಉರೀತಿದೆ.

ಮತ ಹಾಕಿಸ್ತೀಯಾ, ಹಾಕಿಸು. ಅವಳ ಹೆಸರು ತೆಗೆದು ನೋಡು ಮಾತ್ರ.

ಗುಂಡಿ ಅಜ್ಜಿ


ಜೂನ್ ೨೩

ಮಾನ್ಯರೇ,

ನಿಮ್ಮ ಎರಡನೆಯ ಪತ್ರ ನನ್ನನ್ನು ಯೋಚನೆಗೆ ಹಚ್ಚಿತು, ನೀವು ಬಯಸಿದ ರೀತಿಯಲ್ಲಿ ಅಲ್ಲ.

‘ಕಿಟಕಿ’ ಗ್ರೂಪಿನಲ್ಲಿ ಬರೆದದ್ದು ಒಂದೇ ಸಲ. ತಾನು ಪರದೆ ಹೊಲಿಯುವುದಾಗಲಿ, ಡಬ್ಬಿ ಎಲ್ಲಿಡುತ್ತೇನೆ ಎಂಬುದಾಗಲಿ ಎಲ್ಲೂ ಹೇಳಿಲ್ಲ. ನಿಮಗೆ ಹೇಗೆ ತಿಳಿಯಿತು?

ಅಡ್ಮಿನ್‌ಗಳಿಗೆ ಅಳಿಸಿದ ಫೋಟೋಗಳೂ ಕೆಲವು ಕಾಲ ಕಾಣುತ್ತವೆ. ಅವರ ಫೋಟೋ ತೆಗೆದು ನೋಡಿದೆ. ನಾಣ್ಯದ ಕೆಳಗೆ ಹಸಿರು ಚೌಕಳಿಯ ಮೇಜಿನ ಹಾಸು, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ನಂತರ ನೀವು ಹಾಕಿದ ಹಳೆಯ ಫೋಟೋಗಳನ್ನು ನೋಡಿದೆ. ಅದೇ ಹಾಸು, ಅದೇ ಕಲೆ.

ಒಬ್ಬರೇ ಎರಡು ಹೆಸರಿನಲ್ಲಿ ಸೇರಿ, ಒಂದು ಹೆಸರಿನಿಂದ ಇನ್ನೊಂದನ್ನು ಸಮರ್ಥಿಸಿಕೊಳ್ಳುವುದು ಮೋಸ. ನೀವು ಬುದ್ಧಿವಂತರು, ಇದನ್ನು ತಮಾಷೆಗೆ ಮಾಡಿರಬಹುದು. ಆದರೆ ಎಂಟು ದಿನದಲ್ಲಿ ಸರಿಯಾದ ವಿವರಣೆ ಬರದಿದ್ದರೆ ಎರಡು ಹೆಸರನ್ನೂ ತೆಗೆಯಬೇಕಾಗುತ್ತದೆ.

ಅಡ್ಮಿನ್


ಜೂನ್ ೨೬

ಅಯ್ಯೋ ಪತ್ತೇದಾರಪ್ಪಾ,

ಇಸ್ತ್ರಿ ಕಲೆ ಕಂಡುಹಿಡಿದೆಯಲ್ಲ, ಅದನ್ನ ಸುಟ್ಟದ್ದು ಯಾರು ಅಂತ ಯಾಕೆ ಕಂಡುಹಿಡಿಯಲಿಲ್ಲ? ನನ್ನ ಮಗ ಸುಟ್ಟದ್ದು. ಆ ಮೇಜಿಗೆ ಎರಡು ಮಗ್ಗುಲಿದೆ ಮಾರಾಯ. ಒಂದು ಮಗ್ಗುಲಲ್ಲಿ ನಾನು ಕೂರ್ತೀನಿ, ಇನ್ನೊಂದು ಮಗ್ಗುಲಲ್ಲಿ ನನ್ನ ಸೊಸೆ.

ಹೂಂ. ಸೊಸೆ. ‘ಕಿಟಕಿ’ ನನ್ನ ಸೊಸೆ. ಈಗ ಸಮಾಧಾನವಾಯಿತಾ?

ಅವಳು ಗ್ರೂಪಿಗೆ ಸೇರಿದ್ದು ನನಗೆ ಹೇಳಿ ಅಲ್ಲ. ಆ ಫೋಟೋ ಕಂಡಾಗ ನಾನು ಮಂಚದ ಮೇಲಿದ್ದೆ, ಅವಳು ಅಡುಗೆಮನೆಯಲ್ಲಿದ್ದಳು. ಅರೆ, ಇದು ನಮ್ಮ ಮೇಜು ಅಂದುಕೊಂಡೆ. ಪಕ್ಕದಲ್ಲಿ ಹೆಬ್ಬೆರಳು ಕಾಣ್ತಿತ್ತು, ಸೂಜಿ ಹೊಕ್ಕು ಸೀಳಿದ ಉಗುರು. ಅದನ್ನ ನೋಡದೆ ನಾನು ಒಂದು ದಿನ ಊಟ ಮಾಡಿಲ್ಲ, ಬಡಿಸೋ ಕೈ ಅದೇ ಅಲ್ವಾ. ಆಮೇಲೆ ನಿಮ್ಮವರ ನಗು ಶುರುವಾಯಿತು. ಒಳಗಡೆ ಪಾತ್ರೆ ಸದ್ದು ನಿಂತುಹೋಯಿತು.

ಗ್ರೂಪಿನಲ್ಲಿ ಅವಳ ಪರ ಬಾಯಿ ಹಾಕಿದ್ದು ನಾನು ಅಂತ ಅವಳಿಗೆ ಗೊತ್ತಿಲ್ಲ. ‘ಗುಂಡಿ ಅಜ್ಜಿ’ ಯಾರೋ ಬಜಾರಿ ಮುದುಕಿ ಅಂದುಕೊಂಡಿರಬೇಕು. ಗೊತ್ತಾಗೋದೂ ಬೇಡ. ನಮ್ಮಿಬ್ಬರ ನಡುವೆ ಮಾತು ಅಂದರೆ ‘ಉಪ್ಪು ಜಾಸ್ತಿ’, ‘ಬಾಗಿಲು ಹಾಕಿದೆಯಾ’ ಇಷ್ಟೇ. ಒಂದು ಒಳ್ಳೆ ಮಾತಾಡಿದರೆ, ಅತ್ತೆಗೆ ಜ್ವರ ಬಂದಿದೆ ಅಂತ ಡಾಕ್ಟರಿಗೆ ಫೋನ್ ಮಾಡ್ತಾಳೆ. ಮುಖ ನೋಡಿ ಹೇಳೋಕಾಗದ್ದನ್ನ ನಿನಗೆ ಅಂಚೆ ಚೀಟಿ ಅಂಟಿಸಿ ಹೇಳ್ತಿದ್ದೀನಿ, ತಿಳೀತಾ?

ಶಾಲೆಯಲ್ಲಿ ನಾನೊಂದು ಸಲ ಕೈಯೆತ್ತಿ ತಪ್ಪು ಉತ್ತರ ಹೇಳಿದೆ. ಮೇಷ್ಟ್ರು ನಕ್ಕರು, ಎಲ್ಲರೂ ನಕ್ಕರು. ಆ ವರ್ಷ ಆಮೇಲೆ ನಾನು ಕೈಯೆತ್ತಲೇ ಇಲ್ಲ. ಮುಂದಿನ ವರ್ಷ ಶಾಲೆಯೇ ಇಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಹೋಗಲಿಲ್ಲ. ‘ನಮ್ಮಂಥವರಿಗಲ್ಲ’ ಅಂತ ನಾನೇ ಅಂದುಕೊಂಡೆ. ಅದಕ್ಕೇ ಆ ಮಾತನ್ನ ನನ್ನ ಮನೆಯಲ್ಲಿ ಇನ್ನೊಂದು ಬಾಯಿಂದ ಕೇಳೋಕೆ ನಾನು ತಯಾರಿಲ್ಲ.

ಇನ್ನೊಂದು. ಗುಂಡಿ ಫೋಟೋ ಹಾಕಿ ನಾನು ನಗೆಪಾಟಲಾದ ದಿನ ಒಬ್ಬ ಬರೆದಿದ್ದ: ‘ಗುಂಡಿಯಾದರೂ ಚೆಂದದ ಗುಂಡಿ. ಇದು ನಿಮ್ಮ ಕೈಗೆ ಹೇಗೆ ಬಂತು?’ ಅಷ್ಟೇ, ಒಂದೇ ಸಾಲು. ನಾನು ಯಜಮಾನರ ಡಬ್ಬಿಯ ಕಥೆಯೆಲ್ಲ ಬರೆದೆ, ಅವನು ಓದಿದ. ಚರ್ಮ ದಪ್ಪ ಅಂತ ನಿನಗೆ ಜಂಬ ಕೊಚ್ಚಿದೆನಲ್ಲ, ಅದು ಸುಳ್ಳು. ಆ ಒಂದು ಸಾಲಿಗೆ ನಾನು ನಿಂತದ್ದು. ಬರೆದವನು ನೀನು. ಮರೆತಿದ್ದೀಯ.

ಈಗ ತೆಗೆ ಎರಡು ಹೆಸರನ್ನೂ, ಧೈರ್ಯ ಇದ್ದರೆ.

ಗುಂಡಿ ಅಜ್ಜಿ


ಜುಲೈ ೨

ಅಜ್ಜಿಯವರೇ,

ಎರಡು ಹೆಸರೂ ಇರುತ್ತವೆ. ನಿಮ್ಮ ಬೀಗವನ್ನೂ ತೆಗೆದಿದ್ದೇನೆ.

ಆ ಸಾಲು ಹುಡುಕಿದೆ, ಸಿಕ್ಕಿತು. ಬರೆದದ್ದು ನಾನೇ. ಆಗ ಗ್ರೂಪಿನಲ್ಲಿ ಇಷ್ಟು ಜನ ಇರಲಿಲ್ಲ. ಬಂದವರನ್ನೆಲ್ಲ ಹಾಗೆ ಕೇಳುತ್ತಿದ್ದೆ. ಯಾವಾಗ ನಿಲ್ಲಿಸಿದೆನೋ ಗೊತ್ತಿಲ್ಲ.

ಒಂದು ಕೆಲಸ ಮಾಡೋಣವೇ? ಹೊಸಬರಿಗಾಗಿ ಒಂದು ಪುಟ ನೀವು ಬರೆದುಕೊಡಿ. ಮತಕ್ಕೆ ಮುಂಚೆ ಅದನ್ನು ಗ್ರೂಪಿನ ತಲೆಯ ಮೇಲೆ ಅಂಟಿಸುತ್ತೇನೆ. ಓದಿದವರು ಮನಸ್ಸು ಬದಲಿಸಬಹುದು. ಒಂದೇ ಷರತ್ತು, ದಯವಿಟ್ಟು ಯಾರನ್ನೂ ಬಯ್ಯಬೇಡಿ.

ನಿಮ್ಮ ಸೊಸೆಯವರ ನಾಣ್ಯ ನಮ್ಮ ಕಡೆ ಅಪರೂಪ. ಅದು ಅವರ ಕೈಗೆ ಹೇಗೆ ಬಂತು?

ಕನ್ನಡಕದ ಅಂಗಡಿಯವನು


ಜುಲೈ ೬

ಕನ್ನಡಕದಪ್ಪಾ,

ಪುಟ ಬರೆದಿದ್ದೀನಿ, ಹಿಂದಿನ ಹಾಳೆಯಲ್ಲಿದೆ. ಬಯ್ಯಬೇಡ ಅಂದೆ. ನೀರಿಗೆ ಒದ್ದೆಯಾಗಬೇಡ ಅಂದ ಹಾಗಾಯಿತು. ಆದಷ್ಟು ಒಣಗಿಸಿ ಬರೆದಿದ್ದೀನಿ.

ಆ ನಾಣ್ಯ ಅವಳಿಗೆ ಹೇಗೆ ಬಂತು ಅಂತ ಕೇಳಿದೆ. ಅವಳಪ್ಪನದು. ಅವರು ಯಾವುದೋ ದೊಡ್ಡ ಹೋಟೆಲಿನಲ್ಲಿ ಲಿಫ್ಟ್ ನಡೆಸ್ತಿದ್ದರು, ತೀರಿಕೊಂಡು ವರ್ಷಗಳಾದವು. ಅದಕ್ಕಿಂತ ಹೆಚ್ಚಿಗೆ ನಿನಗ್ಯಾಕೆ? ಎಲ್ಲವನ್ನೂ ನಾನೇ ತಿಳ್ಕೊಂಡಿರಬೇಕಾ? ನನ್ನ ಮೊಣಕಾಲು ನೋಡ್ಕೊಳ್ಳೋದೇ ನನಗೆ ಸಾಕಾಗಿದೆ.

ಮತ ಏನಾಯಿತು ಅಂತ ಬೇಗ ತಿಳಿಸು.

ಗುಂಡಿ ಅಜ್ಜಿ

(ಹಿಂದಿನ ಹಾಳೆ)

ಹೊಸದಾಗಿ ಬಂದವರೇ, ಬನ್ನಿ. ಬಾಗಿಲಲ್ಲೇ ಯಾಕೆ ನಿಂತಿದ್ದೀರಿ?

ನಿಮ್ಮ ಹತ್ತಿರ ಇರೋದು ಒಂದೇ ನಾಣ್ಯವಾದರೂ ಪರವಾಗಿಲ್ಲ. ಸವೆದದ್ದಾದರೂ ಪರವಾಗಿಲ್ಲ. ನಾಣ್ಯವೇ ಅಲ್ಲದಿದ್ದರೂ ಪರವಾಗಿಲ್ಲ, ನಾನು ಗುಂಡಿ ತಂದವಳು. ಹೆಸರು ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಅಂತ ಬರೆಯಿರಿ. ಇಲ್ಲಿರೋ ದೊಡ್ಡವರಿಗೂ ಒಂದು ದಿನ ಗೊತ್ತಿರಲಿಲ್ಲ, ಅವರು ಒಪ್ಪಲ್ಲ ಅಷ್ಟೇ.

ನಾಣ್ಯವನ್ನ ತಿಕ್ಕಬೇಡಿ. ಕಪ್ಪಗಿದ್ದರೆ ಕಪ್ಪಗೇ ತನ್ನಿ. ಬೂದಿ, ನಿಂಬೆಹಣ್ಣು, ಹಲ್ಲುಜ್ಜೋ ಪೇಸ್ಟು ಯಾವುದೂ ಬೇಡ. ಆಗಲೇ ತಿಕ್ಕಿಬಿಟ್ಟಿದ್ದರೆ ಅದನ್ನೂ ತನ್ನಿ, ಮುಚ್ಚಿಡಬೇಡಿ. ಕೈ ತಪ್ಪಿದ್ದನ್ನ ತೋರಿಸೋಕೆ ಜಾಗ ಇಲ್ಲದ ಕಡೆ ಯಾರೂ ಏನೂ ಕಲಿಯಲ್ಲ.

ಈಗ ಹಳಬರಿಗೆ. ಹೊಸಬರ ಮೊದಲ ನಾಣ್ಯದ ಕೆಳಗೆ ನೀವು ಬರೆಯೋ ಮೊದಲ ಮಾತು ಒಂದು ಪ್ರಶ್ನೆಯಾಗಿರಬೇಕು: ‘ಇದು ನಿಮ್ಮ ಕೈಗೆ ಹೇಗೆ ಬಂತು?’ ಅವರು ಹೇಳಬೇಕು, ನೀವು ಪೂರ್ತಿ ಓದಬೇಕು. ಆಮೇಲೆ ನಿಮ್ಮ ಪಾಂಡಿತ್ಯ ಬಿಚ್ಚಿ. ಕೇಳದೆ ಬಿಚ್ಚಿದವರ ಹಲ್ಲು ಹಲ್ಲಿನ ಡಾಕ್ಟರೇ ಎಣಿಸಲಿ.

(ಆ ಕೊನೆಯ ಸಾಲು ಬೇಕಾದರೆ ಹೊಡೆದುಹಾಕು. ಬೇಡ, ಇರಲಿ.)


ಜುಲೈ ೧೭

ಅಜ್ಜಿಯವರೇ,

ನಾವು ಸೋತೆವು.

ನಿಮ್ಮ ಪುಟವನ್ನು ಕೊನೆಯ ಸಾಲಿನ ಸಮೇತ ಅಂಟಿಸಿದ್ದೆ. ಎರಡು ದಿನ ಇತ್ತು. ಹೊಸಬರು ಕೆಲವರು ಮೊದಲ ಸಲ ಬಾಯಿಬಿಟ್ಟು ಬರೆದರು. ಬಸ್ ಕಂಡಕ್ಟರೊಬ್ಬರು ತಮ್ಮ ಚೀಲಕ್ಕೆ ಬಿದ್ದ ಪರದೇಶದ ನಾಣ್ಯ ತೋರಿಸಿದರು. ಆಮೇಲೆ ಹಿರಿಯರೆಲ್ಲ ಸೇರಿ ಪುಟ ತೆಗೆಯಲು ಹೇಳಿದರು. ತೆಗೆಯದಿದ್ದರೆ ತಾವೇ ಹೊರಡುವುದಾಗಿ ಹೇಳಿದರು. ತೆಗೆದೆ.

ಮತದಲ್ಲಿ ಶಿಫಾರಸಿನ ನಿಯಮ ಗೆದ್ದಿತು. ನಾನು ವಿರುದ್ಧ ಹಾಕಿದೆ, ಸಾಲಲಿಲ್ಲ. ನಿನ್ನೆ ಸಂಜೆ ಹೆಸರುಗಳನ್ನು ತೆಗೆದೆವು. ‘ಕಿಟಕಿ’ಯ ಹೆಸರೂ ಹೋಯಿತು. ಒತ್ತಿದ್ದು ನನ್ನ ಬೆರಳೇ. ಅಡ್ಮಿನ್ ಆದವನು ಮತಕ್ಕೆ ತಲೆಬಾಗಲೇಬೇಕಲ್ಲ.

ನಾನೊಬ್ಬ ಏನು ಮಾಡಲಿ ಹೇಳಿ.

ಕನ್ನಡಕದ ಅಂಗಡಿಯವನು


ಜುಲೈ ೨೪

ಏನು ಮಾಡಲಿ ಅಂತ ಕೇಳಿದವನೇ,

ಹೇಳ್ತೀನಿ, ಕೇಳು. ನಿನ್ನ ಕಾಗದ ಬಂದ ದಿನವೇ ನಾನು ನಿಮ್ಮ ಗ್ರೂಪಿನಿಂದ ಹೊರಗೆ ಬಂದೆ. ಹೊರಗೆ ಹೋಗೋ ಗುಂಡಿ ಎಲ್ಲಿದೆ ಅಂತ ಹುಡುಕೋಕೆ ಸ್ವಲ್ಪ ಹೊತ್ತಾಯಿತು. ಒಳಗೆ ಬರೋದಕ್ಕಿಂತ ಅದು ಸಲೀಸು. ಹೊರಡೋ ಮುಂಚೆ ‘ಬರ್ತೀನ್ರೋ, ಧೂಳು ಜೋಪಾನ’ ಅಂತ ಬರೆದೆ. ನೋಡಿರಬೇಕು ನೀನು.

ಆಮೇಲೆ ನಾನೇ ಒಂದು ಗ್ರೂಪು ಮಾಡಿದೆ. ಅದರ ಹೆಸರು ‘ಗುಂಡಿ ಡಬ್ಬಿ’. ನೀನು ತೆಗೆದ ಪುಟ ಅಲ್ಲಿ ಎಲ್ಲಕ್ಕಿಂತ ಮೇಲಿದೆ. ನಿಮ್ಮಲ್ಲಿಂದ ಆಚೆ ಹಾಕಿಸಿಕೊಂಡವರನ್ನ ಒಬ್ಬೊಬ್ಬರನ್ನೇ ಹುಡುಕಿ ಕರೆದೆ. ಕಂಡಕ್ಟರ್ ತಾನಾಗಿಯೇ ಬಂದ. ಸ್ಮಶಾನ ಕಾಯೋ ಒಬ್ಬ ಬಂದಿದ್ದಾನೆ, ಭಾರಿ ಹಾಸ್ಯಗಾರ. ಒಬ್ಬ ನರ್ಸಮ್ಮ ಬಂದಳು, ಅವಳು ತಂದದ್ದು ನಾಣ್ಯವಲ್ಲ, ಲಾಕರಿನ ಟೋಕನ್. ಗುಂಡಿಯ ಪಕ್ಕದಲ್ಲೇ ಕೂರಿಸಿದೆ ಅವಳನ್ನ. ಕೇಳಿದ್ದೇ ಕೇಳ್ತಾರೆ, ಹೇಳಿದ್ದೇ ಹೇಳ್ತೀನಿ. ನಾನೇನೂ ಸೊರಗಿಲ್ಲ.

‘ಕಿಟಕಿ’ಗೂ ಕರೆ ಕಳಿಸಿದೆ. ಮೂರು ದಿನ ಸದ್ದಿಲ್ಲ. ಮೇಜಿನ ಆ ಮಗ್ಗುಲಲ್ಲಿ ಕೂತು ಫೋನು ನೋಡ್ತಾಳೆ, ಮಗುಚಿ ಇಡ್ತಾಳೆ. ನಾನು ಈ ಮಗ್ಗುಲಲ್ಲಿ ಸೀಲಿಂಗ್ ನೋಡ್ತಾ ಕೂತಿದ್ದೆ. ನಾಲ್ಕನೇ ದಿನ ಬಂದಳು. ಏನೂ ಬರೆಯದೆ ಬರೀ ಫೋಟೋ ಹಾಕಿದಳು. ಅದೇ ತೂತಿನ ನಾಣ್ಯ, ಅದೇ ಹಾಸು.

ನಾನು ಕೇಳಿದೆ: ‘ಇದು ನಿಮ್ಮ ಕೈಗೆ ಹೇಗೆ ಬಂತು?’

ಕೇಳಿದ ಮೇಲೆ ಹೊಳೆಯಿತು ನೋಡು. ಇವಳು ಈ ಮನೆಗೆ ಬಂದು ಎಷ್ಟು ವರ್ಷವಾಯಿತು! ಅವಳ ಡಬ್ಬಿ ಕಂಡಾಗಲೆಲ್ಲ ‘ಆ ಗಿಲಿಗಿಲಿ ತೆಗೆದಿಡು’ ಅಂದವಳು ನಾನು. ನೀನು ಕೇಳಿದಾಗ ನಿನ್ನ ಮೇಲೆ ಹಾರಾಡಿದ್ದು ಯಾಕೆ ಅಂತ ಈಗ ತಿಳೀತಲ್ಲ? ತಿಳಿದರೆ ಅಲ್ಲಿಗೇ ಬಿಡು, ಎತ್ತಿ ಆಡಬೇಡ.

ಅವಳು ಬರೆದಳು. ಒಂದೊಂದೇ ಸಾಲು. ಅವಳಪ್ಪನಿಗೆ ಹೋಟೆಲಿನ ಅತಿಥಿಗಳು ತಮ್ಮ ತಮ್ಮ ದೇಶದ ಚಿಲ್ಲರೆ ಕೈಗಿಡ್ತಿದ್ದರಂತೆ. ಯಾವ ಅಂಗಡಿಯಲ್ಲೂ ನಡೆಯದ ಕಾಸು. ಅವರು ಬೇಸರ ಮಾಡದೆ ಮಗಳಿಗೆ ತಂದುಕೊಡ್ತಿದ್ದರಂತೆ. ಒಂದು ಸಲ ಕರೆಂಟ್ ಹೋಗಿ ಲಿಫ್ಟು ಎರಡು ಮಹಡಿ ನಡುವೆ ನಿಂತುಬಿಟ್ಟಿತಂತೆ. ಒಳಗೆ ಒಂದು ಪರದೇಶದ ಸಂಸಾರ, ಅದರಲ್ಲೊಂದು ಪುಟ್ಟ ಮಗು ಕತ್ತಲಿಗೆ ಹೆದರಿ ಕಿರುಚುತ್ತಿತ್ತು. ಅವರ ಭಾಷೆ ಇವರಿಗೆ ಬರದು, ಇವರ ಭಾಷೆ ಅವರಿಗೆ ಬರದು. ಇವರು ಕೋಳಿ, ಕತ್ತೆ, ಕಪ್ಪೆ ಎಲ್ಲದರ ಹಾಗೆ ಕೂಗಿ ಕೂಗಿ ಮಗುವನ್ನ ನಗಿಸಿದರಂತೆ. ಬಾಗಿಲು ತೆರೆದಾಗ ಮಗು ತನ್ನ ಕೊರಳ ದಾರದಿಂದ ಆ ನಾಣ್ಯ ಬಿಚ್ಚಿ ಕೊಟ್ಟಿತಂತೆ. ಅವರು ಅದನ್ನ ಲಿಫ್ಟಿನ ಬೀಗದ ಕೈ ಗೊಂಚಲಿಗೆ ಪೋಣಿಸಿಕೊಂಡರು. ಕೆಲಸ ಬಿಡೋವರೆಗೆ ದಿನವೆಲ್ಲ ಅದು ಅವರ ಕೈಯಲ್ಲೇ ಉರುಳಾಡ್ತಿತ್ತು. ಬೀಗದ ಕೈ ಹೋಟೆಲಿನವರಿಗೆ ಒಪ್ಪಿಸಿ, ನಾಣ್ಯ ಮಾತ್ರ ಮನೆಗೆ ತಂದರು.

ಕೊನೆಗೆ ಬರೆದಳು: ‘ಆ ಕಪ್ಪು ನಮ್ಮಪ್ಪನ ಕೈಯದು. ನನಗೆ ಹೊಳೆಯಲೇ ಇಲ್ಲ. ಚರ್ಮ ಸುಲಿದೆ ಅಂತ ಆ ಡಾಕ್ಟರು ಅಂದ ಮೇಲೆ ಹೊಳೆಯಿತು. ಅವರು ನಕ್ಕದ್ದಕ್ಕೆ ನಾನು ಹೋಗಲಿಲ್ಲ. ಅವರು ಹೇಳಿದ್ದು ನಿಜ ಅಂತ ಹೋದೆ.’

ನಾನು ಎರಡು ತಿಂಗಳು ಊರೆಲ್ಲ ಜಗಳ ಕಾಯ್ದದ್ದು ನಗುವಿನ ಮೇಲೆ. ಅವಳಿಗೆ ಚುಚ್ಚಿದ್ದು ಬೇರೆ ಮುಳ್ಳು. ಹಾಗಂತ ಜಗಳ ಕಾಯ್ದದ್ದು ತಪ್ಪು ಅಂತ ನಾನು ಒಪ್ಪಲ್ಲ. ನಿಮ್ಮವರಲ್ಲಿ ಒಬ್ಬನಾದರೂ ಮೊದಲು ಕೇಳಿದ್ದರೆ, ಅದೇ ನಿಜವನ್ನ ಮೆತ್ತಗೆ ಹೇಳಬಹುದಿತ್ತು. ಕೇಳದೆ ಹೇಳಿದ ನಿಜ ಕಲ್ಲಿನ ಹಾಗೆ ಬೀಳುತ್ತೆ.

ನಾನು ಏನು ಬರೆಯಲಿ ಅಂತ ಫೋನು ಹಿಡಿದು ಕೂತಿದ್ದೆ. ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ. ನಿನ್ನ ಕಸುಬಿಗೆ ಸೇರಿದ ತೊಂದರೆ ಅಲ್ಲ ಅದು. ಅಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು:

“ಗುಂಡಿ ಅಜ್ಜೀ, ಟೀ ಆರ್ತಾ ಇದೆ.”

“ಯಾರೇ ಅದು ಗುಂಡಿ?” ಅಂದೆ.

“ಸುಮ್ಮನಿರಿ ಅತ್ತೆ. ಆ ಹಾಸಿನ ಮೇಲೆ ಕಲೆ ಒಂದೇ ಇರೋದು. ನೀವು ಸಿಂಹದ ಗುಂಡಿ ಹಾಕಿದ ಫೋಟೋದಲ್ಲೂ ಇತ್ತು. ನೀವಿದ್ದೀರಿ ಅಂತಲೇ ಆ ಗ್ರೂಪಿಗೆ ಸೇರಿದ್ದು ನಾನು.”

“ಮತ್ತೆ ಬಾಯಿಬಿಡಲಿಲ್ಲ ಯಾಕೆ?”

“ನೀವು ಬಿಟ್ರಾ?”

ಟೀಯಲ್ಲಿ ಸಕ್ಕರೆ ಕಮ್ಮಿ ಇತ್ತು. ಹೇಳಲಿಲ್ಲ ನಾನು. ಅವಳು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು.

ಈಗ ನಿನ್ನ ವಿಷಯಕ್ಕೆ ಬರ್ತೀನಿ. ಡಬ್ಬಿ ಬೀರುವಿನಿಂದ ಇಳಿದಿದೆ. ಆ ನಾಣ್ಯವನ್ನ ಅವಳು ತನ್ನ ಕತ್ತರಿಯ ಹಿಡಿಗೆ ದಾರ ಹಾಕಿ ಕಟ್ಟಿಕೊಂಡಿದ್ದಾಳೆ. ದಿನವೆಲ್ಲ ಅಂಗಡಿಯಲ್ಲಿ ಅವಳ ಕೈಯಲ್ಲೇ ಇರುತ್ತೆ. ನಿನ್ನೆ ‘ಗುಂಡಿ ಡಬ್ಬಿ’ಯಲ್ಲಿ ಅವಳೊಂದು ಪ್ರಶ್ನೆ ಹಾಕಿದ್ದಾಳೆ: ‘ತಿಕ್ಕಿದ ನಾಣ್ಯ ಕೈಯಲ್ಲೇ ಇದ್ದರೆ ಮತ್ತೆ ಬಣ್ಣ ಬರುತ್ತಾ? ಬಂದರೆ ಎಷ್ಟು ಕಾಲಕ್ಕೆ? ಅಪ್ಪನ ಕಪ್ಪೂ ನನ್ನ ಕಪ್ಪೂ ಒಂದೇ ಥರ ಇರುತ್ತಾ?’

ಕಂಡಕ್ಟರಿಗೆ ಗೊತ್ತಿಲ್ಲ. ಸ್ಮಶಾನದವನಿಗೆ ಗೊತ್ತಿಲ್ಲ. ನನಗಂತೂ ಗೊತ್ತೇ ಇಲ್ಲ, ಇಷ್ಟು ಹೊತ್ತಿಗೆ ಅದು ನಿನಗೂ ಅರ್ಥವಾಗಿರಬೇಕು. ಗೊತ್ತಿರೋನು ನೀನು. ಆದರೆ ನಮ್ಮಲ್ಲಿ ಅಡ್ಮಿನ್‌ಗಳಿಗೆಲ್ಲ ಬೇರೆ ಬಾಗಿಲಿಲ್ಲ. ಎಲ್ಲರ ಹಾಗೆ ಹೊಸಬನಾಗಿ ಬರಬೇಕು. ನಿನ್ನ ಹತ್ತಿರ ಇರೋದರಲ್ಲಿ ಯಾರಿಗೂ ತೋರಿಸದೆ ಮುಚ್ಚಿಟ್ಟ ನಾಣ್ಯ ಒಂದಿರುತ್ತಲ್ಲ, ಅದರ ಫೋಟೋ ಹಾಕು. ನಾವು ಕೇಳ್ತೀವಿ, ನೀನು ಹೇಳು. ಆಮೇಲೆ ಅವಳಿಗೆ ಉತ್ತರ ಕೊಡು. ಸಕ್ಕರೆ ಬೆರೆಸಬೇಡ, ನಿಜವನ್ನೇ ಹೇಳು. ತಡ್ಕೋತಾಳೆ, ಈಗ ಅವಳ ಪಕ್ಕದಲ್ಲಿ ಜನ ಇದ್ದಾರೆ.

ಮತಕ್ಕೆ ತಲೆಬಾಗಬೇಕು, ನಾನೊಬ್ಬ ಏನು ಮಾಡಲಿ, ಆ ರಾಗ ಸಾಕು. ಗ್ರೂಪಿಗೆ ಬರೋ ದಾರಿಯನ್ನ ಈ ಕಾಗದದ ಬೆನ್ನಿಗೆ ಸೊಸೆ ತನ್ನ ಕೈಯಾರೆ ಬರೆದುಕೊಟ್ಟಿದ್ದಾಳೆ. ಅಕ್ಷರ ನನ್ನದಕ್ಕಿಂತ ದುಂಡಗಿದೆ, ಕಾಣಲಿಲ್ಲ ಅನ್ನಬೇಡ.

ಆಗಸ್ಟ್ ಹುಟ್ಟೋ ಮುಂಚೆ ನಿನ್ನ ಉತ್ತರ ಬಂದಿರಬೇಕು. ಬರೀ.

ಗುಂಡಿ ಅಜ್ಜಿ